ಭಾರ ಹೊರುವಾಗಲೇ ಚಾರ್ಜ್ ಅಳೆಯುವುದು: ಸ್ಟ್ರಕ್ಚರಲ್ ಸೂಪರ್‌ಕೆಪಾಸಿಟರ್ ಟೆಸ್ಟಿಂಗ್

ಕಾರ್ಬನ್ ಫೈಬರ್ ಬಟ್ಟೆಯ ಎರಡು ಪದರ, ನಡುವೆ ಗ್ಲಾಸ್ ಫೈಬರ್ ಬಟ್ಟೆ, ಮೂರಕ್ಕೂ ಇಳಿದ ಎಪಾಕ್ಸಿ ಮತ್ತು ಅಯಾನಿಕ್ ದ್ರವದ (ದ್ರವರೂಪದ ಉಪ್ಪು) ಮಿಶ್ರಣ. ಇದೇ ಸ್ಟ್ರಕ್ಚರಲ್ ಸೂಪರ್‌ಕೆಪಾಸಿಟರ್: ವಿಮಾನದಂಥದ್ದರ ದೇಹದ ಭಾಗವಾಗಿ ಭಾರ ಹೊರುತ್ತಲೇ ಚಾರ್ಜನ್ನೂ ಕೂಡಿಡುವ ವಸ್ತು. ಕಾರ್ಬನ್ ಪದರಗಳು ಅದರ ಎಲೆಕ್ಟ್ರೋಡು, ಮಿಶ್ರಣ ಅದರ ಎಲೆಕ್ಟ್ರೋಲೈಟ್. ಒಂದು ತುಂಡನ್ನು ಎಳೆದು ಮುರಿದು, ಇನ್ನೊಂದನ್ನು ಚಾರ್ಜ್ ಮಾಡಿ, ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದರೆ ಇದರ ಪರೀಕ್ಷೆ ಮುಗಿಯುವುದಿಲ್ಲ. ಅದೇ ತುಂಡು ಭಾರ ಹೊತ್ತಿರುವಾಗಲೇ ಅಳೆಯಬೇಕು.

ಸಾಮಾನ್ಯ ಲ್ಯಾಮಿನೇಟನ್ನು (ಅಂಟಿನಲ್ಲಿ ಗಟ್ಟಿಯಾದ ಪದರಗಳ ಹಾಳೆ) ಡೈಮಂಡ್ ಬ್ಲೇಡಿನಲ್ಲಿ ನೀರು ಬಿಟ್ಟು ಕತ್ತರಿಸುತ್ತೇವೆ. ಇಲ್ಲಿ ಅದು ಕೂಡದು. ಅಯಾನಿಕ್ ದ್ರವ ನೀರು ಹೀರಿಕೊಂಡರೆ ಅದು ತಾಳಿಕೊಳ್ಳುವ ವೋಲ್ಟೇಜ್ ಕುಗ್ಗುತ್ತದೆ. ಜೊತೆಗೆ, ಕತ್ತರಿಸಿದ ಅಂಚಿನಲ್ಲಿ ಕಾರ್ಬನ್ ಎಳೆಗಳು ಗ್ಲಾಸ್ ದಾಟಿ ಆಚೆಯ ಪದರ ಮುಟ್ಟಿದರೆ ಶಾರ್ಟ್. ಹಾಗಾಗಿ ಬಟ್ಟೆಯನ್ನು ಮೊದಲೇ ಅಳತೆಗೆ ಕತ್ತರಿಸುತ್ತೇವೆ: ಕಾರ್ಬನ್ 25 ಮಿ.ಮೀ. ಅಗಲ, ಗ್ಲಾಸ್ 29 ಮಿ.ಮೀ., ಅಂದರೆ ಎರಡೂ ಬದಿಗೆ 2 ಮಿ.ಮೀ. ಹೊರಚಾಚು. ಒತ್ತಡ (ಸ್ಟ್ರೆಸ್) ಲೆಕ್ಕ ಹಾಕುವಾಗ ಕಾರ್ಬನ್ ಅಗಲವನ್ನಷ್ಟೇ ಹಿಡಿಯಿರಿ.

ಯುಟಿಎಂ, ಅಂದರೆ ತುಂಡನ್ನು ಎಳೆದು ಪರೀಕ್ಷಿಸುವ ಯಂತ್ರದ ಗ್ರಿಪ್ಪೇ ದೊಡ್ಡ ಶತ್ರು. ಎರಡು ದವಡೆಗಳೂ ಒಂದೇ ಲೋಹದ ದೇಹಕ್ಕೆ ಸೇರಿದವು. ಅವುಗಳ ಹಲ್ಲು ಎರಡೂ ಕಡೆಯ ಕಾರ್ಬನ್‌ಗೆ ನಾಟಿದರೆ ಎಲೆಕ್ಟ್ರೋಡುಗಳು ಯಂತ್ರದ ಮೂಲಕವೇ ಕೂಡಿಕೊಳ್ಳುತ್ತವೆ. 1.5 ಮಿ.ಮೀ. ದಪ್ಪದ ಗ್ಲಾಸ್-ಎಪಾಕ್ಸಿ ಟ್ಯಾಬನ್ನು (ದವಡೆ ಹಿಡಿಯುವ ಜಾಗದ ಪಟ್ಟಿ) ಅಂಟಿಸಿ, ಮಲ್ಟಿಮೀಟರಿನ ಒಂದು ತುದಿ ಎಲೆಕ್ಟ್ರೋಡಿಗೆ, ಇನ್ನೊಂದು ದವಡೆಗೆ ಇಟ್ಟುಕೊಂಡೇ ಗ್ರಿಪ್ ಬಿಗಿಯುತ್ತೇವೆ. ಮೆಗಾ ಓಮ್‌ನಲ್ಲಿ ನಿಂತಿದ್ದ ಅಂಕಿ ಬಿಗಿತ ಹೆಚ್ಚುತ್ತಿದ್ದಂತೆ ಕುಸಿದರೆ ಟ್ಯಾಬ್ ಒಳಗೆ ಹಲ್ಲು ಇಳಿದಿದೆ ಎಂದರ್ಥ. ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಪೊಟೆನ್ಶಿಯೊಸ್ಟಾಟ್ ಫ್ಲೋಟಿಂಗ್ ಮೋಡಿನಲ್ಲಿರಲಿ, ಅಂದರೆ ಅರ್ತ್‌ಗೆ ಸೇರದೆ ಇರಲಿ. ಇಲ್ಲದಿದ್ದರೆ ಯಂತ್ರದ ಅರ್ತ್ ಜೊತೆ ಲೂಪ್ ಆಗಿ, ಕಡಿಮೆ ಫ್ರೀಕ್ವೆನ್ಸಿಯ ರೀಡಿಂಗ್ ಕೆಡುತ್ತದೆ.

ಎಲೆಕ್ಟ್ರೋಡಿಗೆ ಸಂಪರ್ಕ ಕೊಡುವ ಕಾಪರ್ ಟೇಪನ್ನು ಒಂದು ತುದಿಗೆ ಮಾತ್ರ ಹಾಕುವವರು ಈ ಲೆಕ್ಕ ನೋಡಬೇಕು. ಚದರ ಮೀಟರಿಗೆ 200 ಗ್ರಾಂ ತೂಗುವ ಟಿ300 (ಕಾರ್ಬನ್ ಫೈಬರಿನ ಒಂದು ದರ್ಜೆ) ಬಟ್ಟೆಯಲ್ಲಿ ಉದ್ದಕ್ಕೆ ಓಡುವ ನೂಲು ಅರ್ಧ. 25 ಮಿ.ಮೀ. ಅಗಲಕ್ಕೆ ಅದರ ಅಡ್ಡಕೊಯ್ತ ಸುಮಾರು 1.4 ಚದರ ಮಿ.ಮೀ. 150 ಮಿ.ಮೀ. ಉದ್ದಕ್ಕೆ ರೆಸಿಸ್ಟೆನ್ಸ್ 1.8 ಓಮ್, ಎರಡು ಪದರಕ್ಕೆ 3.6. ಇದೂ ಅಳತೆಯೊಳಗೆ ಸೇರಿಬಿಡುತ್ತದೆ. ನೂಲುಗಳು ಎಳೆಯುವ ದಿಕ್ಕಿಗೆ ಓರೆಯಾಗಿರುವ ±45 ಡಿಗ್ರಿಯಲ್ಲಿ ಇನ್ನೂ ಕಷ್ಟ: ಒಂದೊಂದು ನೂಲೂ 35 ಮಿ.ಮೀ.ನಷ್ಟೇ ಉದ್ದ, ಯಾವುದೂ ತುದಿಯಿಂದ ತುದಿಗೆ ಹೋಗುವುದಿಲ್ಲ. ಅಲ್ಲಿ ಟೇಪನ್ನು ಅಂಚಿನುದ್ದಕ್ಕೂ ಹಾಕಬೇಕು. ತಾಮ್ರವೂ ಭಾರ ಹೊರುವುದರಿಂದ ಟೇಪಿಲ್ಲದ ತುಂಡನ್ನೂ ಎಳೆದು ವ್ಯತ್ಯಾಸ ಕಳೆಯುತ್ತೇವೆ. ತಾಮ್ರದ ಜಾಗಕ್ಕೆ ಎಲೆಕ್ಟ್ರೋಲೈಟ್ ಹರಿಯದಂತೆ ಬರೀ ಎಪಾಕ್ಸಿಯಿಂದ ಮುಚ್ಚಿ. ಪಾಸಿಟಿವ್ ಕಡೆಯ ತಾಮ್ರ ಬೇಗ ಕರಗುತ್ತದೆ.

ಇಷ್ಟು ಕಷ್ಟವಿದ್ದರೂ ±45 ಟೆಸ್ಟನ್ನೇ, ಅಂದರೆ ಎಎಸ್‌ಟಿಎಂ ಡಿ3518 ಎಂಬ ಶಿಯರ್ ಪರೀಕ್ಷಾ ಮಾನದಂಡದ ಪ್ರಕಾರದ್ದನ್ನೇ ನಾವು ಹೆಚ್ಚು ನಂಬುತ್ತೇವೆ. 0 ಡಿಗ್ರಿಯಲ್ಲಿ ಎಳೆದರೆ ಭಾರವೆಲ್ಲ ಫೈಬರ್ ಮೇಲೆ ಬಿದ್ದು, ಒಳಗಿನ ಮೆತ್ತಗಿನ ಎಲೆಕ್ಟ್ರೋಲೈಟಿನ ದೌರ್ಬಲ್ಯ ಕಾಣುವುದೇ ಇಲ್ಲ. ಅಯಾನಿಕ್ ದ್ರವ ಹೆಚ್ಚಿಸಿದಷ್ಟೂ ವಿದ್ಯುತ್ ಅಂಕಿ ಏರುತ್ತದೆ, ಶಿಯರ್ ಬಿಗಿತ (ಪಕ್ಕಕ್ಕೆ ಜಾರುವುದನ್ನು ತಡೆಯುವ ಗುಣ) ಕುಸಿಯುತ್ತದೆ. ಆ ಬೆಲೆ ಇಲ್ಲೇ ಗೊತ್ತಾಗುವುದು.

ಅದೇ ರೀತಿ ಮಾಡಿದ ಜೊತೆ ತುಂಡುಗಳನ್ನು ನಿಮಿಷಕ್ಕೆ 2 ಮಿ.ಮೀ. ವೇಗದಲ್ಲಿ ಮುರಿದು ಗರಿಷ್ಠ ಭಾರ ತಿಳಿದುಕೊಂಡು, ಹೊಸ ತುಂಡನ್ನು ಅದರ 0, 20, 40, 60 ಶೇಕಡಾದಲ್ಲಿ ನಿಲ್ಲಿಸುತ್ತೇವೆ. ಪ್ರತಿ ಹಂತದಲ್ಲೂ 5 ನಿಮಿಷ ಬಿಟ್ಟು, 10 ಮಿಲಿವೋಲ್ಟ್‌ನಲ್ಲಿ 100 ಕಿಲೋಹರ್ಟ್ಸ್‌ನಿಂದ 10 ಮಿಲಿಹರ್ಟ್ಸ್‌ವರೆಗೆ ಇಂಪೆಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) ಅಳೆಯುತ್ತೇವೆ. ಆಮೇಲೆ 1 ವೋಲ್ಟ್ ಹಿಡಿದಿಟ್ಟು 30 ನಿಮಿಷದ ಕೊನೆಯ ಲೀಕೇಜ್ ಕರೆಂಟ್, ಅಂದರೆ ಚಾರ್ಜ್ ಆದ ಮೇಲೂ ಒಳಗೇ ಸೋರುತ್ತಿರುವ ಕರೆಂಟ್. ಮತ್ತೆ ಭಾರ ಇಳಿಸಿ ಇದನ್ನೇ ಅಳೆಯಬೇಕು. ಹೈ ಫ್ರೀಕ್ವೆನ್ಸಿ ರೆಸಿಸ್ಟೆನ್ಸ್ ಏರಿ, ಭಾರ ಇಳಿಸಿದ ಮೇಲೂ ಹಾಗೇ ಉಳಿದರೆ ಮೊದಲು ಟೇಪಿನ ಅಂಟನ್ನು ಅನುಮಾನಿಸಿ. ಲೀಕೇಜ್ ಏರಿದರೆ ಎರಡು ಪದರಗಳು ಎಲ್ಲೋ ಹತ್ತಿರ ಬಂದಿವೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕೆಪಾಸಿಟೆನ್ಸ್ ಮಾತ್ರ ಇಳಿದರೆ ಎಲೆಕ್ಟ್ರೋಲೈಟ್ ಬಿರುಕು ಬಿಟ್ಟು ಫೈಬರ್‌ನಿಂದ ಕಳಚಿಕೊಂಡಿರುವ ಸಾಧ್ಯತೆ ಹೆಚ್ಚು.

ಕೊನೆಗೆ ತೂಕ. ಎಲೆಕ್ಟ್ರೋಡಿನ ತೂಕದಿಂದಷ್ಟೇ ಭಾಗಿಸಿ ಶಕ್ತಿಸಾಂದ್ರತೆ ಹೇಳುವುದು ಈ ವಿಷಯದಲ್ಲಿ ತಪ್ಪು. ಗ್ಲಾಸ್, ಎಪಾಕ್ಸಿ, ತಾಮ್ರ ಎಲ್ಲವೂ ವಿಮಾನದ ಜೊತೆ ಹಾರುವಂಥವೇ. ಸ್ವೀಡನ್ನಿನ ಚಾಲ್ಮರ್ಸ್ ತಂಡ 2021ರಲ್ಲಿ ತನ್ನ ಸ್ಟ್ರಕ್ಚರಲ್ ಬ್ಯಾಟರಿಗೆ ಕೆ.ಜಿ.ಗೆ 24 ವ್ಯಾಟ್‌ಅವರ್ ಎಂದಾಗ ಪಕ್ಕದಲ್ಲೇ 25 ಗಿಗಾಪ್ಯಾಸ್ಕಲ್ ಬಿಗಿತವನ್ನೂ ಕೊಟ್ಟಿತ್ತು. ನಮ್ಮ ರಿಪೋರ್ಟಿನಲ್ಲೂ ಈ ಎರಡು ಅಂಕಿ ಒಂದೇ ಸಾಲಿನಲ್ಲಿ, ಒಂದೇ ತುಂಡಿನ ನಂಬರಿನ ಎದುರು ಇರುತ್ತವೆ.