ಗುಂಡನ ಕಿವಿ, ಮಾವನ ಮೀಟರ್

ನಮ್ಮ ಬೆಕ್ಕು ಗುಂಡ ನೀರಿನ ಬಟ್ಟಲನ್ನು ಮತ್ತೆ ಮತ್ತೆ ಖಾಲಿ ಮಾಡುತ್ತಿದ್ದ. ಬೇಸಿಗೆ ತಾನೇ ಅಂದುಕೊಂಡೆವು. ಆಮೇಲೆ ಅವನ ಮರಳಿನ ಟ್ರೇ ದಿನವೂ ಒದ್ದೆ ಮುದ್ದೆ. ತಿನ್ನುವುದು ಜಾಸ್ತಿ, ಆದರೂ ಆರೂವರೆ ಕೆಜಿ ಇದ್ದ ಬೆಕ್ಕು ಐದಕ್ಕೆ ಇಳಿದಿತ್ತು. "ನನಗೂ ಮೊದಮೊದಲು ಹೀಗೇ ಆಗಿದ್ದು. ಇವನಿಗೆ ಶುಗರ್ ಇದೆ ನೋಡಮ್ಮ" ಅಂದರು ಮಾವ. ನಾವೆಲ್ಲ ನಕ್ಕೆವು. ಪಶುವೈದ್ಯರು ನಗಲಿಲ್ಲ. ರಕ್ತದಲ್ಲಿ 412, ಮೂತ್ರದಲ್ಲೂ ಸಕ್ಕರೆ.

12 ಗಂಟೆಗೊಮ್ಮೆ ಒಂದು ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಬರೆದುಕೊಟ್ಟರು. ಚುಚ್ಚುವುದು ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಎಡವಟ್ಟು ಆಗುತ್ತಿದ್ದದ್ದು ಸಿರಿಂಜಿನಲ್ಲಿ. ನಮ್ಮಲ್ಲಿ ಕೆಂಪು ಮುಚ್ಚಳದ್ದು ಯು-40 ಇನ್ಸುಲಿನ್‌ಗೆ (ಒಂದು ಎಂಎಲ್‌ನಲ್ಲಿ 40 ಯೂನಿಟ್), ಕಿತ್ತಳೆ ಮುಚ್ಚಳದ್ದು ಯು-100ಕ್ಕೆ (ಎಂಎಲ್‌ನಲ್ಲಿ 100). ಗ್ಲಾರ್ಜಿನ್ ಯು-100. ನಾನು ತಂದಿದ್ದು ಕೆಂಪು. ಅದರಲ್ಲಿ ಒಂದು ಯೂನಿಟ್ ಗೆರೆಗೆ ಎಳೆದಿದ್ದರೆ ಎರಡೂವರೆ ಪಟ್ಟು ಔಷಧಿ ಒಳಗೆ ಹೋಗುತ್ತಿತ್ತು. ಮುಚ್ಚಳದ ಬಣ್ಣ ನೋಡಿ ಹಿಡಿದವರೂ ಮಾವನೇ.

ಮನೆಯಲ್ಲೇ ರಕ್ತದ ಸಕ್ಕರೆ ನೋಡಿ ಅಂತ ವೈದ್ಯರು ಅಂದಾಗ ಮಾತ್ರ ಕೈ ನಡುಗಿತು. ಮೊದಲ ದಿನ ಟವೆಲ್‌ನಲ್ಲಿ ಸುತ್ತಿ ಹಿಡಿದೆವು. ಮೂರು ಸ್ಟ್ರಿಪ್ ಹಾಳು, ನನ್ನ ಮೊಣಕೈಗೆ ಎರಡು ಗೀರು, ಗುಂಡ ಸಂಜೆಯವರೆಗೂ ಮಂಚದ ಕೆಳಗೆ. ಟವೆಲನ್ನು ಅವತ್ತೇ ಬಿಟ್ಟೆ.

ಈಗ ಮಾಡುವುದು ಹೀಗೆ. ತವಾ ಮೇಲೆ ಹಿಡಿ ಅಕ್ಕಿ ಬೆಚ್ಚಗೆ ಮಾಡಿ, ಹಳೇ ಕಾಲುಚೀಲಕ್ಕೆ ತುಂಬಿ, ಮೊದಲು ನನ್ನ ಮಣಿಕಟ್ಟಿಗೆ ಇಟ್ಟು ನೋಡುತ್ತೇನೆ. ಹಿತವಾಗಿದ್ದರೆ ಅವನ ಕಿವಿಗೆ ಅರ್ಧ ನಿಮಿಷ. ಕಿವಿ ತಣ್ಣಗಿದ್ದರೆ ರಕ್ತ ಬರುವುದೇ ಇಲ್ಲ. ಕಿವಿಯ ಅಂಚಿನುದ್ದಕ್ಕೂ ಒಂದು ಸಣ್ಣ ರಕ್ತನಾಳ ಓಡುತ್ತದೆ, ಹಿಂದಿನಿಂದ ಟಾರ್ಚ್ ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಚುಚ್ಚಬೇಕಾದ್ದು ಆ ರಕ್ತನಾಳಕ್ಕಲ್ಲ, ಅದಕ್ಕೂ ಅಂಚಿಗೂ ನಡುವಿನ ಜಾಗಕ್ಕೆ. ಅಲ್ಲಿ ವ್ಯಾಸಲೀನ್ ತೆಳ್ಳಗೆ ಸವರಿದರೆ ರಕ್ತ ಕೂದಲಿಗೆ ಹರಡದೆ ಗುಂಡಗೆ ನಿಲ್ಲುತ್ತದೆ. ಕಿವಿಯ ಹಿಂದೆ ಮಡಿಸಿದ ಟಿಶ್ಯೂ ಇಡಲೇಬೇಕು, ಇಲ್ಲದಿದ್ದರೆ ಸೂಜಿ ಆಚೆ ಬಂದು ನಿಮ್ಮ ಬೆರಳಿಗೆ. ಚುಚ್ಚುವ ಪೆನ್ನಿನ 'ಟಕ್' ಶಬ್ದಕ್ಕೇ ಅವನು ಬೆಚ್ಚುತ್ತಿದ್ದ, ಹಾಗಾಗಿ ಬರೀ ಸೂಜಿಯನ್ನೇ ಕೈಯಲ್ಲಿ ಹಿಡಿಯುತ್ತೇನೆ. ಸ್ಟ್ರಿಪ್ ಮುಂಚೆಯೇ ಮೀಟರಿನಲ್ಲಿರಬೇಕು. ಸಾಸಿವೆ ಕಾಳಿಗಿಂತ ಚಿಕ್ಕ ಹನಿ ಸಾಕು. ಆಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಬೇಯಿಸಿದ ಚಿಕನ್ನಿನ ಒಂದು ಎಳೆ. ಚಿಕನ್ ಮರೆತರೆ ಮಾರನೇ ದಿನ ಬೆಕ್ಕು ಹತ್ತಿರ ಬರಲ್ಲ!

ಮೀಟರ್ ಮನುಷ್ಯರದ್ದು, ಮಾವನದ್ದೇ. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿ ಪ್ಲಾಸ್ಮಾದಲ್ಲೇ, ಅಂದರೆ ರಕ್ತದ ನೀರಿನಂಥ ಭಾಗದಲ್ಲೇ ಇರುತ್ತದೆ, ಕೆಂಪು ಕಣಗಳಲ್ಲಿ ತೀರಾ ಕಡಿಮೆ. ಅದಕ್ಕೇ ಮನುಷ್ಯರ ರಕ್ತಕ್ಕೆ ಹೊಂದಿಸಿದ ನಮ್ಮ ಮೀಟರ್ ಬೆಕ್ಕಿಗೆ ಸ್ವಲ್ಪ ಕಡಿಮೆ ತೋರಿಸುತ್ತದೆ. ಬೆಕ್ಕು ನಾಯಿಗಳಿಗೆಂದೇ ಮಾಡಿದ ಮೀಟರ್ ಸಿಗುತ್ತದೆ, ಸ್ಟ್ರಿಪ್ ದುಬಾರಿ. ವೈದ್ಯರಿಗೆ ಯಾವ ಮೀಟರ್ ಅಂತ ಹೇಳಿ, ಅದನ್ನೇ ಬಳಸುತ್ತಾ ಬಂದೆವು.

ಕ್ಲಿನಿಕ್ಕಿನ ಅಂಕಿಗೂ ಮನೆಯದಕ್ಕೂ ಎಷ್ಟು ವ್ಯತ್ಯಾಸ ಅಂತ ತಿಳಿಯಲು ಒಮ್ಮೆ ಮೀಟರನ್ನೂ ಜೊತೆಗೆ ಒಯ್ದೆ. ಆಟೋ, ನಾಯಿಗಳ ಬೊಗಳು, ಸ್ಟೀಲ್ ಮೇಜು. ಅಲ್ಲಿ 342. ಮನೆಗೆ ಬಂದು ಎರಡು ಗಂಟೆ ಮಲಗೆದ್ದ ಮೇಲೆ 205. ಹೆದರಿದರೆ ಬೆಕ್ಕಿನ ಸಕ್ಕರೆ ಹೀಗೆ ಏರುತ್ತದೆ. ಅಲ್ಲಿನ ಅಂಕಿ ನೋಡಿಯೇ ಡೋಸ್ ಏರಿಸಿದ್ದರೆ ಏನು ಗತಿ ಅನ್ನಿಸಿತು.

ಒಂದು ಭಾನುವಾರ ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಎರಡೆರಡು ಗಂಟೆಗೆ ನೋಡಿದೆವು: 298, 241, 163, 118, 131, 204. ಕೊನೆಯದು 276. ಮಾವ ತಮ್ಮ ಡೈರಿಯಲ್ಲಿ ತಮ್ಮ ಅಂಕಿಗಳ ಪಕ್ಕದಲ್ಲೇ ಬರೆದರು. ತೀರಾ ಇಳಿದದ್ದು ಆರನೇ ಗಂಟೆಗೆ. ಡೋಸ್ ಹಾಗೇ ಇರಲಿ ಅಂದರು ವೈದ್ಯರು.

ಅದಾದ ಹತ್ತು ದಿನಕ್ಕೆ, ಬೆಳಿಗ್ಗೆ ಚುಚ್ಚುವ ಮುಂಚೆ, 62. ನಂಬಿಕೆ ಬರದೆ ಇನ್ನೊಂದು ಸ್ಟ್ರಿಪ್ ಹಾಕಿದೆ. 64. ಗುಂಡ ಎಂದಿನಂತೆ ಕಾಲಿಗೆ ಮೈ ಉಜ್ಜುತ್ತಿದ್ದ, ಮೀಟರ್ ಇಲ್ಲದಿದ್ದರೆ ಸುಮ್ನೆ ಚುಚ್ಚಿಬಿಡುತ್ತಿದ್ದೆ. ವೈದ್ಯರಿಗೆ ಫೋನ್ ಮಾಡಿದೆ. ಇನ್ಸುಲಿನ್ ಬೇಡ, ಮೊದಲು ಊಟ ಹಾಕಿ, ತೂರಾಡಿದರೆ ಒಸಡಿಗೆ ಜೇನುತುಪ್ಪ ಸವರಿ ತಕ್ಷಣ ಕರೆತನ್ನಿ ಅಂದರು. ಒಂದೂವರೆ ಗಂಟೆ ಬಿಟ್ಟು ನೋಡಿದಾಗ 121.

ಕಾರಣ ಹುಡುಕುತ್ತಾ ಕೂತಾಗ ಅತ್ತೆ ಮೆಲ್ಲಗೆ ಬಾಯಿಬಿಟ್ಟರು. ಅಷ್ಟು ದಿನ ಕದ್ದುಮುಚ್ಚಿ ಮೊಸರನ್ನ ಹಾಕುತ್ತಿದ್ದರಂತೆ. ಪಾಪಪ್ರಜ್ಞೆ ಕಾಡಿ ಹಿಂದಿನ ವಾರ ನಿಲ್ಲಿಸಿದ್ದರಂತೆ. ಅನ್ನ ನಿಂತಿತು, ಡೋಸ್ ಮಾತ್ರ ಹಾಗೇ ಇತ್ತು. ವೈದ್ಯರು ಅದನ್ನು ಅರ್ಧ ಯೂನಿಟ್‌ಗೆ ಇಳಿಸಿದರು. ಊಟ ಬದಲಿಸಿದರೆ ಈಗ ಮೊದಲು ಅವರಿಗೆ ಹೇಳುತ್ತೇವೆ, ಅತ್ತೆಯೂ ಕೂಡ.

ಬೆಳಿಗ್ಗೆ ಆರೂವರೆಗೆ ಮಾವ ಬೆರಳು ಚುಚ್ಚಿಕೊಳ್ಳಲು ಕೂತರೆ ಗುಂಡ ತಾನೇ ಬಂದು ಪಕ್ಕದ ಕುರ್ಚಿ ಏರುತ್ತಾನೆ. ಸೂಜಿ ಬೇರೆ ಬೇರೆ, ಮೇಜು ಒಂದೇ. ಇವತ್ತು ಗುಂಡನದು 134, ಮಾವನದು 171. ಮಾವ ಡೈರಿ ಮುಚ್ಚಿ, ಸಕ್ಕರೆ ಹಾಕದ ಕಾಫಿ ಕೇಳಿದರು.