ಹಬ್ಬದಲ್ಲಿ ನಾಯಿ ಕರೆದುಕೊಂಡು ಸೇವೆಗೆ ಹೋಗುವವರಿಗೆ

ದಸರಾದಿಂದ ದೀಪಾವಳಿವರೆಗೆ ತುಮಕೂರಿನಲ್ಲಿ ವೃದ್ಧಾಶ್ರಮ, ಶಾಲೆ ಅಂತ ಥೆರಪಿ ನಾಯಿ (ಜನರ ಮನಸ್ಸಿಗೆ ನೆಮ್ಮದಿ ಕೊಡಲು ಪಳಗಿಸಿದ ನಾಯಿ) ಕರೆದುಕೊಂಡು ಹೋಗುವವರು ದಿನಕ್ಕೆ ಒಂದೇ ಕಡೆ ಒಪ್ಪಿಕೊಳ್ಳಿ. ಹೋದ ವರ್ಷ ನಾನು ಬೆಳಿಗ್ಗೆ ಅನ್ನಸಂತರ್ಪಣೆಯಲ್ಲಿ ಬಡಿಸಿ, ಮಧ್ಯಾಹ್ನ ಎರಡು ಕಡೆ ಸುತ್ತಿಸಿದೆ, ಎರಡನೇ ಕಡೆ ನಮ್ಮ ಲ್ಯಾಬ್ರಡಾರ್ ಪದೇ ಪದೇ ಆಕಳಿಸುತ್ತಾ, ತುಟಿ ನೆಕ್ಕುತ್ತಾ ಮುಖ ತಿರುಗಿಸಿತು. ನಿದ್ದೆ ಅಂದುಕೊಂಡೆ. ಸಾಕಪ್ಪಾ ಅನ್ನುತ್ತಿತ್ತು ಪಾಪ. ಅರ್ಧ ಗಂಟೆ, ಜಾಸ್ತಿ ಅಂದ್ರೆ ಮುಕ್ಕಾಲು ಗಂಟೆ ಇರಿ. ಅಜ್ಜಿಯರು ಪ್ರೀತಿಯಿಂದ ಕೇಸರಿಬಾತ್, ಲಾಡು ಹಿಡಿದು ಬರುತ್ತಾರೆ, ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ, ಬಾಗಿಲಲ್ಲೇ ಹೇಳಿಬಿಡಿ. ಉಗುರು ಕತ್ತರಿಸಿರಿ, ವಯಸ್ಸಾದವರ ಚರ್ಮ ಬೇಗ ತರಚುತ್ತದೆ. ರೇಬಿಸ್ ಲಸಿಕೆ ಕಾರ್ಡ್ ಜೇಬಲ್ಲಿರಲಿ. ಪಟಾಕಿ ಹೊಡೆಯುವ ದಿನ ಯಾರು ಕರೆದರೂ ನಾಯಿ ಮನೆಯಲ್ಲೇ ಇರಲಿ.