ಯಜಮಾನರ ಆಫೀಸ್ ಟೂರ್ ಜೊತೆ ಮುಂಬೈಗೆ ಹೋಗೋರಿಗೆ

ರೂಮು ಹೇಗೂ ಕಂಪನಿಯದು ಅಂತ ಹೊರಡೋ ಮುಂಚೆ ಹೋಟೆಲಿಗೆ ಒಂದು ಫೋನ್ ಮಾಡಿ. ಬುಕಿಂಗ್ ಒಬ್ಬರಿಗೇ ಇದ್ದರೆ ಎರಡನೆಯವರಿಗೆ ಎಕ್ಸ್‌ಟ್ರಾ ಹಾಕ್ತಾರೆ, ತಿಂಡಿಗೂ ಬೇರೆ ದುಡ್ಡು ಕೇಳಬಹುದು. ಅದರ ಬಿಲ್ ಪ್ರತ್ಯೇಕ ಮಾಡಿ, ನಾವೇ ಕೊಡ್ತೀವಿ ಅಂದುಬಿಡಿ. ಆಮೇಲೆ ಅಕೌಂಟ್ಸ್‌ನವರ ಹತ್ತಿರ ಕಿರಿಕಿರಿ ಇರಲ್ಲ. ನಿಮ್ಮ ಆಧಾರ್ ಕಾರ್ಡ್ ಮರೀಬೇಡಿ.

ಮೀಟಿಂಗ್ ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಆಫೀಸುಗಳ ಏರಿಯಾ) ಕಡೆ ಇದ್ದರೆ ಅರ್ಧ ಖರ್ಚು ಉಳಿದ ಹಾಗೆ. ಅಲ್ಲಿಂದ ಮೆಟ್ರೊ 3 ಈಗ ದಕ್ಷಿಣ ಮುಂಬೈನ ಕಫ್ ಪರೇಡ್‌ವರೆಗೂ ಹೋಗುತ್ತೆ, 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಶುರುವಾಯ್ತು. ಹುತಾತ್ಮ ಚೌಕ್‌ನಲ್ಲಿ ಇಳಿದರೆ ಆರ್ಟ್ ಗ್ಯಾಲರಿಗಳಿರೋ ಕಾಳಾ ಘೋಡಾ ಏರಿಯಾ, ಛತ್ರಪತಿ ಶಿವಾಜಿ ಮಹಾರಾಜ್ ಮ್ಯೂಸಿಯಂ, ಗೇಟ್‌ವೇ ಎಲ್ಲಾ ನಡೆದೇ ಮುಗಿಸಬಹುದು. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಟಿಕೆಟ್ಟೇ ಇಲ್ಲ. ದೋಣಿಯಲ್ಲಿ ಹೋಗೋ ಎಲಿಫೆಂಟಾ ಗುಹೆಗಳು ಮಾತ್ರ ಸೋಮವಾರ ಬಂದ್, ಮಳೆಗಾಲದಲ್ಲಿ ದೋಣಿ ನೆಚ್ಚಿಕೊಳ್ಳಬೇಡಿ.

ಊಟಕ್ಕೆ ಮಾಟುಂಗಾ. ಅಲ್ಲಿ ನಮ್ಮ ಉಡುಪಿಯವರದೇ ರಾಜ್ಯ! ಸ್ಟೇಷನ್ ಪಕ್ಕದಲ್ಲೇ ರಾಮಾ ನಾಯಕ್ ಅವರ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು. ಬಾಳೆಎಲೆ ಊಟ ಮಾಡಿದರೆ ರಾತ್ರಿಗೆ ಒಂದು ವಡಾಪಾವ್ ಸಾಕು. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್) ಸ್ಲೋ ಲೋಕಲ್ಲೇ ಹತ್ತಿ, ಫಾಸ್ಟ್ ಟ್ರೇನ್ ಮಾಟುಂಗಾದಲ್ಲಿ ನಿಲ್ಲಲ್ಲ. ಮಾಟುಂಗಾ ರೋಡ್ ಅಂತ ಇನ್ನೊಂದಿದೆ, ಅದು ವೆಸ್ಟರ್ನ್ ಲೈನ್, ಗೊಂದಲ ಮಾಡ್ಕೋಬೇಡಿ.

ಒಬ್ಬರೇ ಇದ್ದರೆ ಲೇಡೀಸ್ ಡಬ್ಬಿ ಹತ್ತಿ. ಬೆಳಿಗ್ಗೆ ಹನ್ನೊಂದರ ಮೇಲೆ ಹೊರಟು ಸಂಜೆ ಐದರೊಳಗೆ ವಾಪಸಾಗಿ. ಆಫೀಸ್ ಬಿಡೋ ಹೊತ್ತಲ್ಲಿ ಲಗೇಜ್ ಹಿಡ್ಕೊಂಡು ಲೋಕಲ್ ಸಹವಾಸ ಬೇಡವೇ ಬೇಡ, ಆಗ ಟ್ಯಾಕ್ಸಿಗೆ ದುಡ್ಡು ಕೊಟ್ಟರೂ ಪರವಾಗಿಲ್ಲ.